ಅರ್ಧ ಗುಳಿಗಿ

ಡಬ್ಬಿ ಮೆಣಸಿನಕಾಯಿ ಚೀಲದ ಸಂದ್ಯಾಗ ಸಿಕ್ಕ ಮರಿ,
ಅದಕ್ಕ ಡಬ್ಬಿ ಅಂತ ಹೆಸರಾತು.
ಕಡ್ಡಿ ಚೀಲದಾಗ ಸಿಕ್ಕಿದ್ರ ಕಡ್ಡಿ ಅಂತಿದ್ದೆವೇನೋ,
ಈಗ ನೋಡಿದ್ರ ಅದಽ ಒಪ್ಪತಿತ್ತು.
ಫಿಟ್ಸ್ ಬಂದು ಬಂದು ಪಕ್ಕೆಲುಬು ಎಣಿಸೂ ಹಂಗ ಆಗೇತಿ.

ದನದ ದವಾಖಾನಿ ಡಾಕ್ಟರು ಗುಳಿಗಿ ಮುರದು ತೋರಿಸಿದ್ರು,
ಮುಂಜಾನಿ ಅರ್ಧ, ಸಂಜಿಕ ಅರ್ಧ.
ಒಂದು ಹೊತ್ತೂ ತಪ್ಪಿಸಬ್ಯಾಡ ಫಕ್ಕೀರವ್ವ,
ಉಳ್ಳಾಗಡ್ಡಿ ಬ್ಯಾಡ, ಬಳ್ಳೊಳ್ಳಿ ಬ್ಯಾಡ,
ಪೇಢೆದಾಗ ಮುಚ್ಚಿ ಕೊಡೋದಂತೂ ಬ್ಯಾಡಽ ಬ್ಯಾಡ.
ಬ್ಯಾಡ ಅನ್ನೋದು ಭಾಳ ಹೇಳಿದ್ರು.
ನುಂಗಿಸೋದು ಹೆಂಗ ಅಂತ ಹೇಳಲಿಲ್ಲ.

ರೊಟ್ಟಿ ಚೂರಿನಾಗ ಮಡಚಿ ಕೊಟ್ಟೆ.
ಮೂಸಿತು, ಸೀನಿತು,
ಹೋಗಿ ನೀರಿನ ಬಾನಿ ಹಿಂದ ಕುಂತಿತು.
ಗಟ್ಟಿ ಮಸರಿನಾಗ. ಸೀನಿತು.
ಕುದಿಸಿದ ತತ್ತಿ ಹಳದಿಯೊಳಗ. ಸೀನಿತು.
ಬ್ಯಾಡಗಿಯೊಳಗ ಸೀನು ಯಾರು ಎಣಸತಾರ?
ಸಂತ್ಯಾಗ ಕುಂಬಳಕಾಯಿ ತಂದು ಬೇಯಿಸಿದೆ,
ಜೋಳದ ಹಿಟ್ಟು ಕಲಸಿದೆ,
ಶೇಂಗಾ ಹುರದು, ಸಿಪ್ಪಿ ತೂರಿ, ಉಪ್ಪಿಲ್ಲದ ಕುಟ್ಟಿ ಸೇರಿಸಿದೆ,
ಸಣ್ಣ ಉಂಡಿ ಕಟ್ಟಿ ಹಂಚಿನ ಮ್ಯಾಲ ಬಾಡಿಸಿದೆ.
ನಡುವ ಬೆರಳೂರಿ ಕುಣಿ ಮಾಡಿ
ಗುಳಿಗಿ ಇಟ್ಟು ಬಾಯಿ ಮುಚ್ಚಿದೆ,
ಹೂರಣ ಹೊರಗ ಕಾಣಧಂಗ.
ಬೀಗರಿಗೂ ಇಷ್ಟು ನಾಜೂಕು ಕಡಬು ಮಾಡಿದಾಕಿ ಅಲ್ಲ ನಾ.

ಸೀನಿತು.

ಬೆರಿಕಿ ನಾಯಿ, ಗುಳಿಗಿ ವಾಸನಿ ಹಿಡೀತೈತಿ, ಅಂದ ನನ್ನ ಗಂಡ.
ನಾನೂ ಹಂಗಽ ತಿಳದೆ.
ಎರಡು ದಿನ ಬಾಯಿ ಅಗಲಿಸಿ ಗಂಟಲಕ್ಕ ತುರುಕಿದೆ.
ಮುಂಗಾಲಿಲೆ ಮೂಗು ತಿಕ್ಕಿಕೊಂತು, ಕಣ್ಣಾಗ ನೀರು.
ಮೂರನೇ ದಿನ ನನ್ನ ಹೆಜ್ಜಿ ಸಪ್ಪಳಕ್ಕ ಓಣಿ ದಾಟಿತು.

ಬಾಜೂ ಮನಿ ಮುನೀರಾ, ನಾಕನೇತ್ತೆ ಹುಡಿಗಿ,
ಅದನ್ನ ಕರಕೊಂಡು ಬಂದ್ಲು.
ನಾ ಹಾಲು ಉಕ್ಕಿತಂತ ಒಳಗ ಓಡಿದ್ದೆ.
ಉಳದ ಹಿಟ್ಟು ತಾನಽ ಉಂಡಿ ಮಾಡಿ, ವಾರಿ ವಾರಿ ಉಂಡಿ,
ಗುಳಿಗಿ ಅರ್ಧ ಹೊರಗ ಇಣುಕತಿತ್ತಂತ,
ಅಂಗೈಯಾಗ ಹಿಡದ್ಲು.
ಚಿಗವ್ವಾ, ತಿಂತು!

ಆಗ ನನ್ನ ಕೈ ನೋಡಿಕೊಂಡೆ.
ಹದಿನೆಂಟು ವರ್ಷ ಅಡತಿ ಅಂಗಡಿ ನೆಳ್ಳಾಗ ಕುಂತು
ಮೆಣಸಿನಕಾಯಿ ತುಂಬು ಮುರದ ಕೈ.
ಉಗುರಿನ ಬುಡಕ್ಕ ಕೆಂಪು ಗೆರಿ, ಮದರಂಗಿ ಅಲ್ಲ ಅದು.
ಕೊಬ್ಬರಿ ಎಣ್ಣಿ ಹಚ್ಚಿದೆ, ಮಜ್ಜಿಗ್ಯಾಗ ಅದ್ದಿದೆ, ಬೂದಿಲೆ ತಿಕ್ಕಿದೆ.
ಹೋದದ್ದು ನನಗ ತಿಳಿಯೂ ಘಾಟು ಅಷ್ಟಽ.
ನಾಯಿ ಮೂಗಿಗೆ
ನಾ ಇನ್ನೂ ಒಂದು ಚೀಲ.

ನನ್ನ ನೀಲಿ ಕೂಸಿದ್ದಾಗ
ತುತ್ತು ಇಟ್ಟರ ಮಾರಿ ತಿರುವತಿದ್ಲು.
ನೆಗೆಣ್ಣಿ ಕೈಲೆ ಉಂಡು ಬೆಳದ್ಲು.
ಹಟಮಾರಿ, ತಾಯಿ ಬ್ಯಾಡಾದಾಕಿ, ಅಂತ ಬೈದಿದ್ದೆ.
ಒಂದ್ಸಲ ಕಪಾಳಕ್ಕ ಕೊಟ್ಟಿದ್ದೆ, ಅದಽ ಕೈಲೆ.

ಈಗ ಅಳತಿ ನಂದು, ಕೈ ಮುನೀರಾಂದು.
ಸಾಲಿ ಪಾಟಿಚೀಲ ಬಾಗಲಕ್ಕ ಇಟ್ಟು ಹಿಟ್ಟು ಮಿದಿತಾಳ.
ಮೊದಲಿನ ಎರಡು ಖಾಲಿ, ಮೂರನೇದರಾಗ ಗುಳಿಗಿ,
ನಾಕನೇದು ಆಕಿದು.
ಉಪ್ಪಽ ಇಲ್ಲ ಚಿಗವ್ವಾ, ಅಂತ ದಿನಾ ತಕರಾರು ಮಾಡತಾಳ,
ದಿನಾ ತಿಂತಾಳ.
ನಾ ಸೆರಗಿನಾಗ ಎರಡೂ ಕೈ ಸುತಗೊಂಡು
ಗ್ವಾಡಿಗೆ ಆತು ಕುಂತು ಎಣಸತೀನಿ.

ನುಂಗಿದ ಮ್ಯಾಲ ಡಬ್ಬಿ ತುಟಿ ನೆಕ್ಕೋತ ಬಂದು
ನನ್ನ ತೊಡಿ ಮ್ಯಾಲ ಗದ್ದ ಇಡತೈತಿ.
ಸೀನತೈತಿ.
ಏಳೂದಿಲ್ಲ.